ಗದ್ದೆಪ್ಪನ ಉಸಿರಿನಲ್ಲಿ ಏಳು ನಿಮಿಷ

ಮೊದಲು ಕೀಲಿ ಇತ್ತು, ಉಡದಾರಕ್ಕೆ ಕಟ್ಟಿದ್ದು.
ಆಮೇಲೆ ಕಾರ್ಡು. ಆಮೇಲೆ ಹೆಬ್ಬೆಟ್ಟು.
ಗ್ರೀಸು ತಿಂದಷ್ಟು ತಿಂದು, ಉಕ್ಕಿನ ಹಗ್ಗ ತಿಕ್ಕಿದಷ್ಟು ತಿಕ್ಕಿ
ನನ್ನ ಹೆಬ್ಬೆರಳು ಹಳ್ಳದ ಕಲ್ಲಿನಷ್ಟು ನುಣುಪು;
ಒತ್ತಿದರೆ ಕೆಂಪು ದೀಪ, ಉಗುಳು ಹಚ್ಚಿ ಒತ್ತಿದರೆ ಹಸಿರು.

ಈಗ ಗೋಡೆಯ ಮೇಲೆ ಸಾಬೂನು ಡಬ್ಬಿಯಷ್ಟು ಒಂದು ಬಿಳೀ ಪೆಟ್ಟಿಗೆ.
ಕಣ್ಣಿಲ್ಲ ಅದಕ್ಕೆ. ಕ್ಯಾಮೆರಾ ಅಲ್ಲ, ಕೇಳಿ ನೋಡಿದೆ.
ಅಲೆ ಬಿಡುತ್ತದಂತೆ, ಮೊಬೈಲಿಗೆ ಬರುವಂಥದೇ ಅಲೆ.
ಅದು ಬಂದು ನನ್ನ ಎದೆ ಸವರಿ ವಾಪಸು ಹೋಗಿ ಹೇಳುತ್ತದಂತೆ:
ಇಷ್ಟು ಏರಿತು, ಇಷ್ಟು ಇಳಿಯಿತು,
ಬಾಗಿಲಿಂದ ಕುರ್ಚಿಗೆ ಒಂಬತ್ತು ಹೆಜ್ಜೆ, ಎಡಗಾಲು ತುಸು ಎಳೆತ,
ಹೌದು, ಮೌಲಾಸಾಬನೇ.

ಎರಡು ಸೆಕೆಂಡಿಗೊಮ್ಮೆ ಕೇಳುತ್ತದೆ: ನೀನೇನಾ?
ನಿಕಾಹದ ದಿನ ಖಾಜಿಸಾಹೇಬರೂ ಮೂರೇ ಸಲ ಕೇಳಿ ಬಿಟ್ಟಿದ್ದರು.
ಇದು ಬಿಡುವುದಿಲ್ಲ. ಬಾಯಿಂದ ಉತ್ತರವೂ ಬೇಡ,
ಬದುಕಿದ್ದರೆ ಸಾಕು,
ನನ್ನ ಹಾಗೇ ಬದುಕಿದ್ದರೆ.

ನಾನು ಬಾವಿ ಸೇದುವವನು.
ಹಟ್ಟಿಯಲ್ಲಿ ಆ ಬಾವಿಗೆ ಶಾಫ್ಟು ಅನ್ನುತ್ತಾರೆ, ಕೊಡಕ್ಕೆ ಕೇಜು.
ನೀರಿಗೆ ಬದಲು ಮನುಷ್ಯರು ಬರುತ್ತಾರೆ, ತಲೆಯ ಮೇಲೆ ದೀಪ.
ಗಂಟೆ ಒಂದು ಸಲ ಹೊಡೆದರೆ ನಿಲ್ಲಿಸು. ಎರಡು ಸಲ, ಇಳಿಸು.
ಮೂರು ಸಲ: ಹುಷಾರು, ಈ ಸಲ ಒಳಗ ಜೀವ ಅದಾವು.

ಕ್ವಾರ್ಟರ್ಸಿನಲ್ಲಿ ಗದ್ದೆಪ್ಪ ನನ್ನ ಗೋಡೆಯಾಚೆ.
ಮೇಲೆ ಬರುವ ಮುಂಚೆ ಹದಿನೆಂಟು ವರ್ಷ ಕೆಳಗೆ ಡ್ರಿಲ್ಲು ಹಿಡಿದವ.
ಅವನ ಉಸಿರಿಗೆ ನಡುವೆ ಒಂದು ಮೆಟ್ಟಿಲು ಮುರಿದಿದೆ:
ಹತ್ತಿ, ನಿಂತು, ಕಾಲು ಹುಡುಕಿ, ಮತ್ತೆ ಹತ್ತುತ್ತದೆ.
ಹನ್ನೆರಡು ವರ್ಷ ಆ ಸದ್ದಿನ ಮೇಲೇ ನನ್ನ ನಿದ್ದೆ.
ಶ್ರಾವಣದಲ್ಲಿ ಪೆಟ್ಟಿಗೆಯೂ ಅದನ್ನು ಕಲಿತುಕೊಂಡಿತು.

ಪುಷ್ಯದ ಚಳಿಗೆ ಇನ್ನೊಂದು ಮೆಟ್ಟಿಲು ಮುರಿಯಿತು.

ಮೂರನೇ ಪಾಳಿಯ ಕೊನೆಯ ಕೇಜು.
ನಾನು ಬೆಳಗಿನ ಪಾಳಿಗೆ ಬಂದು ಬಸಿಗೆ ಚಹಾ ಸುರುವುತ್ತಿದ್ದೆ.
ಗದ್ದೆಪ್ಪ ಕೆಮ್ಮಿದ. ಕೆಮ್ಮಿ, ಉಸಿರಿಗೆ ತಡಕಾಡಿದ.
ಪರದೆ ಹೇಳಿತು: ಅಪರಿಚಿತ ವ್ಯಕ್ತಿ.
ಬ್ರೇಕು ಕಚ್ಚಿಕೊಂಡಿತು. ಹಗ್ಗ ಜೀಂಯ್ ಅಂದು ಸುಮ್ಮನಾಯಿತು.
ಹದಿನಾಲ್ಕು ದೀಪ, ನಡುಬಾವಿಯಲ್ಲಿ.

"ನಾನಾ ಅದೀನ್ರೀ, ಗದ್ದೆಪ್ಪ," ಅಂದ ಗೋಡೆಗೆ.
ಗೋಡೆಗೆ ಕಿವಿಯೇನೋ ಇತ್ತು, ಮಾತು ಕೇಳುವಂಥದಲ್ಲ.
ಆ ಹೊತ್ತಿನ ಕುರ್ಚಿ ಅವನ ಹೆಸರಿಗೆ, ನನ್ನ ಎದೆಗೆ ಅದು ಬಗ್ಗದು.
ಸಾಹೇಬರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದರು.

"ಏಳು," ಅಂದೆ. ಕೂತೆ.
ಕಣ್ಣು ಮುಚ್ಚಿ ಗೋಡೆಯಾಚೆಯ ಸದ್ದು ನೆನೆದೆ.
ಹತ್ತು. ನಿಲ್ಲು. ಕಾಲು ಹುಡುಕು. ಹತ್ತು.
ಬೆನ್ನು ತಾನಾಗಿ ಅವನಂತೆ ಬಗ್ಗಿತು.
ನೀನೇನಾ?
ಹತ್ತು. ನಿಲ್ಲು.
ನೀನೇನಾ?
ಗದ್ದೆಪ್ಪ, ದೃಢಪಟ್ಟಿದೆ.

ಏಳು ನಿಮಿಷ ಸೇದಿದೆ.
ಅವನ ಎದೆಯಲ್ಲಿ ಗಾಳಿ ಇಷ್ಟು ಕಡಿಮೆ ಎಂದು
ಅದರ ಸದ್ದಿನ ಮೇಲೆ ಮಲಗಿದವನಿಗೆ ಗೊತ್ತಿರಲಿಲ್ಲ.
ಹುಡುಗರು ಮೇಲೆ ಬಂದರು, ದೀಪ ಆರಿಸಿದರು,
"ಯಾಕ ಕಾಕಾ, ನಡು ದಾರ್‍ಯಾಗ ನಿದ್ದಿ ಹತ್ತಿತ್ತೇನು?"
ನಕ್ಕು ಮಿರ್ಚಿ ಬಂಡಿಯ ಕಡೆ ಹೋದರು.

ನಾನು ಎದ್ದಾಗ ಗದ್ದೆಪ್ಪ ನನ್ನನ್ನೇ ನೋಡುತ್ತಿದ್ದ,
ತನ್ನ ಹಳೇ ಅಂಗಿ ಬೇರೆಯವನ ಮೈಮೇಲೆ ಕಂಡವನಂತೆ.
"ನಿನ್ ಕಡೇನ ಇರ್ಲಿ ಬಿಡು ಅದು," ಅಂದ,
"ನನಗಿನ್ನ ಆಗಿಬರಂಗಿಲ್ಲ."

ವರದಿಯಲ್ಲಿದೆ: ಗದ್ದೆಪ್ಪ, ಪೂರ್ತಿ ಪಾಳಿ ಹಾಜರು,
ನಡುವೆ ಮೂರು ನಿಮಿಷ ಯಾರೋ ಅಪರಿಚಿತ.

ಸೋಮವಾರ ರಾಯಚೂರಿಂದ ಎಂಜಿನಿಯರ್ ಹುಡುಗಿ ಬರುತ್ತಾಳೆ,
ಹೊಸದಾಗಿ ಉಸಿರಿನ ಮಾದರಿ ಬರಕೊಳ್ಳಲು.
ಸಹಜವಾಗಿ ಉಸಿರಾಡಿದರೆ ಸಾಕಂತೆ.
ಗದ್ದೆಪ್ಪ ನಿನ್ನೆ ರಾತ್ರಿಯಿಂದ ಅಭ್ಯಾಸ ಮಾಡುತ್ತಿದ್ದಾನೆ.
ಗೋಡೆಯಾಚೆಯಿಂದ ಕೇಳಿಸುತ್ತದೆ.