ಒಂದೇ ಗೇರು

ಜಾಲಿನಗರದ ಮೂಲೆಯಲ್ಲಿ ನಿಂತ ಆಟೋ
ಏಳನೆಯ ಮನುಷ್ಯ ಸಿಗುವ ತನಕ ಹೊರಡುವುದಿಲ್ಲ.
ಆರನೆಯವಳು ನಾನು, ದಿನವೂ.
ಅವನು ಬಂದ ಮೇಲೆ ಅರ್ಧ ಕೂತು ಅರ್ಧ ನೇತಾಡಿ
ಆಸ್ಪತ್ರೆಯ ಲ್ಯಾಬು ಹೊಕ್ಕರೆ
ಹಾಜರಿ ಪುಸ್ತಕದಲ್ಲಿ ಆಗಲೇ ಕೆಂಪು ಗೀಟು.

ಹೋಗಲು ಇಪ್ಪತ್ತು, ಬರಲು ಇಪ್ಪತ್ತು,
ತಿಂಗಳಿಗೆ ಇಪ್ಪತ್ತಾರು ದಿನ.
ಮಾತ್ರೆ ಚೀಟಿಯ ಬೆನ್ನಿಗೆ ಬರೆದು ಕೂಡಿಸಿದೆ:
ಸಾವಿರದ ನಲವತ್ತು.
ತಪ್ಪಿರಬೇಕೆಂದು ಮತ್ತೆ ಕೂಡಿಸಿದೆ.
ಆಗಲೂ ಅಷ್ಟೇ.

"ಸ್ಕೂಟಿ ತಗೋ ತಿಪ್ಪಕ್ಕ, ಕಂತಿನಲ್ಲಿ ಕೊಡ್ತಾರೆ"
ಅಂದಳು ರಕ್ತ ತೆಗೆಯುವ ರೇಷ್ಮಾಬಾನು.
ಕಂತು ನನಗೆ ಗೊತ್ತು,
ತಿಂಗಳ ಐದಕ್ಕೆ ತಪ್ಪದೆ ಬಾಗಿಲು ಬಡಿಯುವ ನೆಂಟ.
ಮಗಳು ಫೋನಿನಲ್ಲಿ ತೋರಿಸಿದಳು
ಇಪ್ಪತ್ತೊಂದು ಗೇರಿನದು, ಟಗರಿನ ಕೊಂಬಿನ ಹ್ಯಾಂಡಲ್ಲು,
ಹದಿನಾಲ್ಕು ಸಾವಿರ ಚಿಲ್ಲರೆ.
ಚಿಲ್ಲರೆಯೇ ಒಂಬೈನೂರು!

ನನ್ನ ಬಳಿ ಚೀಟಿ ಎತ್ತಿದ ಆರು ಸಾವಿರ,
ರವಿಕೆಯೊಳಗಿನ ಪರ್ಸಿನಲ್ಲಿ ಬೆವೆತು ಮೆತ್ತಗಾಗಿತ್ತು.

ಮಂಡಿಪೇಟೆಯ ಅಂಗಡಿಯಲ್ಲಿ ಚುರುಕು ಹುಡುಗ
ಗೇರಿನ ಗುಣ ಹೇಳುತ್ತಲೇ ಇದ್ದ.
ಗೇರು ಅಂದರೆ ಮದುವೆ ಪಾಯಸದಲ್ಲಿ
ಒಂದು ಸಿಕ್ಕರೆ ಪುಣ್ಯ ಅನ್ನುವವಳು ನಾನು,
ಇಪ್ಪತ್ತೊಂದು ಇಟ್ಟುಕೊಂಡು ಏನು ಮಾಡಲಿ?

ಒಳಗೆ ಗಾಲಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು
ಕಡ್ಡಿಗಳ ನಾಡಿ ಹಿಡಿದು ನೋಡುತ್ತಿದ್ದ
ಜಬೀವುಲ್ಲಾ ಸಾಬರು ತಲೆ ಎತ್ತದೆ ಕೇಳಿದರು:
"ಎಲ್ಲಿಂದ ಎಲ್ಲಿಗವ್ವಾ?"
ಹೇಳಿದೆ.
"ದಾರ್ಯಾಗ ಗುಡ್ಡ ಎಷ್ಟು ಅದಾವು?"
ಯೋಚಿಸಿದೆ. ದುರ್ಗದ ತವರಿನಲ್ಲಾದರೆ
ಬಾಗಿಲು ತೆರೆದರೆ ಬಂಡೆ, ನೀರಿಗೆ ಹೋದರೆ ಏರು.
ಇಲ್ಲಿ? ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ,
ಈ ಊರು ತಟ್ಟಿದ ರೊಟ್ಟಿಯ ಹಾಗಿದೆ ಎಂದು
ಅವತ್ತೇ ಹೊಳೆದದ್ದು.
"ಒಂದೂ ಇಲ್ಲ."
"ಮತ್ತೆ ಗೇರು ಯಾತಕ್ಕ? ಅದು ಕೆಟ್ಟರೆ ನಾನು ಬೇಕು,
ನನಗೆ ವಯಸ್ಸಾತು.
ಗಾಳಿ ಎದುರಾದರೆ ಇಳಿದು ನಡಿ,
ಗಾಳಿ ಏನೂ ತಿಳಕೊಳ್ಳಂಗಿಲ್ಲ."

ಕಪ್ಪು ಬಣ್ಣ. ನಡುವೆ ಬಗ್ಗಿದ ಕೊಳವೆ, ಸೀರೆಗೆ ದಾರಿ.
ಚೈನಿಗೆ ತಗಡಿನ ಮುಸುಕು,
ಹಿಂದೆ ಬುತ್ತಿ ಕಟ್ಟಲು ಕ್ಯಾರಿಯರ್.
ಹಲ್ಲಿನ ಚಕ್ರ ಮುಂದೆ ಒಂದು, ಹಿಂದೆ ಒಂದು,
ಅವುಗಳ ನಡುವೆ ವಾದವಿಲ್ಲ.
ಐದು ಸಾವಿರದ ಎಂಟುನೂರು.
ಬೀಗಕ್ಕೆ ನೂರೈವತ್ತು ಬೇರೆ, ಅಂದ ಹುಡುಗ.
ಗಂಟೆ ಬಿಟ್ಟಿ, ಅಂದರು ಸಾಬರು.
ಹುಡುಗನ ಮುಖ ನೋಡಬೇಕಿತ್ತು.

ಏಳನೇ ಕ್ಲಾಸಿನ ನಂತರ ಹತ್ತಿದವಳಲ್ಲ.
ಅಂಗಡಿ ಮುಂದಿನ ಓಣಿಯಲ್ಲಿ
ಮೆಣಸಿನಕಾಯಿ ಚೀಲ ಇಳಿಸುವವರು,
ಮಂಡಕ್ಕಿ ಗಾಡಿಯವ, ಯಾರದೋ ಮನೆಯ ಅಜ್ಜಿ,
ಎಲ್ಲ ನೋಡುತ್ತಿರುವಾಗ ಎರಡು ಸಲ ಕಾಲೂರಿದೆ.
ಮೂರನೆಯ ಸಲ ಮಂಡಕ್ಕಿಯವನೇ
ಗಾಡಿ ಹಿಂದೆ ಸರಿಸಿ ದಾರಿ ಬಿಟ್ಟ.

ಸೋಮವಾರ ಬೆಳಿಗ್ಗೆ
ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು.
ಗೂಡ್ಸು, ಅದಿರು ತುಂಬಿದ್ದು, ಮುಗಿಯದ್ದು.
ಬೈಕು, ಕಾರು, ನನ್ನ ಹಳೆಯ ಆಟೋ ಕೂಡ,
ಅದರಲ್ಲಿ ನೇತಾಡುವ ನನ್ನ ಜಾಗದಲ್ಲಿ ಇನ್ಯಾರೋ.
ಒಬ್ಬೊಬ್ಬರಾಗಿ ಎಂಜಿನ್ನು ಆರಿಸಿದರು.
ನಾನು ಆರಿಸಿದ್ದರಲ್ಲಿ
ಆರಿಸುವಂಥದ್ದೇನೂ ಇರಲಿಲ್ಲ.

ಒಂದು ಕಾಲು ನೆಲಕ್ಕೆ ಕೊಟ್ಟು ಡಬ್ಬಿ ಎಣಿಸಿದೆ,
ಐವತ್ತೆಂಟು.
ಡಬ್ಬಿಗೆ ನೂರರಂತೆ
ನನ್ನ ಸೈಕಲ್ಲಿನ ದುಡ್ಡು ಪೂರ್ತಿ ದಾಟಿಹೋಯಿತು.
ಬಲ ಮಂಡಿ ಸಣ್ಣಗೆ ನೋಯುತ್ತಿತ್ತು.

ಗೇಟು ಎದ್ದಾಗ ಎಲ್ಲರ ಹಾರನ್ನು ಒಟ್ಟಿಗೆ.
ನಾನೂ ಗಂಟೆ ಹೊಡೆದೆ, ಬಿಟ್ಟಿ ಬಂದದ್ದು.
ಯಾರಿಗೂ ಕೇಳಿಸಲಿಲ್ಲ.
ಇನ್ನೊಮ್ಮೆ ಹೊಡೆದೆ.