ಲೈನ್ ಕ್ಲಿಯರ್

ಗುಡಿಬಂಡೆ ಸೆಕ್ಷನ್ನಿಗೆ ನಾನು ಬಂದ ದಿನ
ಹೆಲ್ಮೆಟ್ಟು ದೊಡ್ಡದಾಯಿತು, ಬೂಟು ಇನ್ನೂ ದೊಡ್ಡದು.
ಸ್ಟೋರ್ಸಿನ ಅಶ್ವತ್ಥಪ್ಪ ಹುಡುಕಿ ಹುಡುಕಿ ಕೈಚೆಲ್ಲಿದ:
"ಈ ಸೈಜು ಇಲ್ಲಮ್ಮ. ಯಾವತ್ತೂ ಯಾರೂ ಕೇಳಿಲ್ಲ."
ಇಂಡೆಂಟ್ ಬುಕ್ಕು ಎಳೆದುಕೊಂಡು ಬರೆದೆ:
ಬೂಟು, ಐದನೇ ನಂಬರು, ಎರಡು ಜೊತೆ.
ಎರಡನೆಯದು ಯಾರಿಗೆಂದು ಅವನು ಕೇಳಲಿಲ್ಲ.
ಅದು ಈಗಲೂ ಕಪಾಟಿನಲ್ಲಿದೆ, ಡಬ್ಬಿ ಒಡೆಯದೆ,
ಬರುವವಳಿಗಾಗಿ.

ರಾತ್ರಿ ಫೋನು:
"ಜೆಇ ಸಾರ್‌ಗೆ ಕೊಡಮ್ಮ."
"ಸಾರೇ ಮಾತಾಡ್ತಿರೋದು. ಯಾವ ಟಿ.ಸಿ. ಸುಟ್ಟಿದೆ ಹೇಳಿ."

ಯಾವ ಊರು ಅಂದರು, ಹೇಳಿದೆ.
ಊರಲ್ಲಿ ಯಾವ ಕಡೆ ಅಂದರು, ಹೇಳಿದೆ.
ಮೂರನೆಯ ಪ್ರಶ್ನೆ ನಾಲಿಗೆಗೆ ಬರುವ ಮೊದಲೇ
ಅದಕ್ಕೂ ಉತ್ತರ ಕೊಟ್ಟು
ಕಂಬಗಳ ನಕ್ಷೆ ಬಿಡಿಸಿದೆ ಮೇಜಿನ ಮೇಲೆ.

ಮೇ ತಿಂಗಳು. ಬೈರಸಾಗರದ ಕಡೆಯಿಂದೆದ್ದ ಗಾಳಿ
ಹುಣಸೆಯ ಕೊಂಬೆ ಮುರಿದು ತಂತಿಯ ಮೇಲೆ ಕೆಡವಿತ್ತು.
ಕಂಬದ ಬುಡದಲ್ಲಿ ಗಂಗುಲಪ್ಪ,
ಇಪ್ಪತ್ತಾರು ವರ್ಷದ ಸರ್ವಿಸು.
ನನ್ನ ಬಾಟಲಿ ಚಾಚಿದರೆ
ಎಂಥ ಬಿಸಿಲಲ್ಲೂ "ಬಾಯಾರಿಕೆ ಇಲ್ಲ ಮೇಡಂ" ಅನ್ನುವವನು.

ಸ್ಟೇಷನ್ನಿಗೆ ಫೋನು ಮಾಡಿದೆ.
ಕೊಟ್ಟ ನಂಬರು ಬರೆದುಕೊಂಡೆ, ತಿರುಗಿ ಓದಿ ಹೇಳಿದೆ.
ಸ್ವಿಚ್ಚು ಇಳಿಸಿ, ಬೀಗ ಜಡಿದು, ಕೀ ಜೇಬಿಗಿಟ್ಟೆ.
ಅರ್ಥ್ ರಾಡು ತಂತಿಗೆ ಕಚ್ಚಿಸಿದ್ದಾಯಿತು.
"ಲೈನ್ ಕ್ಲಿಯರ್. ಹತ್ತಬಹುದು."

ಟಾರ್ಚಿನ ಬೆಳಕಲ್ಲಿ ಒಂದು ಗಳಿಗೆ
ನನ್ನ ಮುಖ ನೋಡಿದ ಗಂಗುಲಪ್ಪ.
ಆಮೇಲೆ ಹಗ್ಗ ಬಿಗಿದು ಹತ್ತಿದ.
ನನ್ನ ನೀರು ಒಗ್ಗದವನು
ನನ್ನ ಮಾತು ನಂಬಿ
ಹನ್ನೊಂದು ಸಾವಿರ ವೋಲ್ಟು ಹರಿಯುವ ದಾರಿಗೆ ಕೈಹಾಕಿದ.

ಇದನ್ನು ಗೆಲುವು ಅಂತ ಬರೆದುಕೊಳ್ಳಲಾರೆ.
ಅವನು ಮೇಲಿದ್ದ ನಲವತ್ತು ನಿಮಿಷವೂ
ಕೈ ಜೇಬಿನಲ್ಲೇ ಇತ್ತು, ಕೀ ತಡವುತ್ತ.
ಹೊರಗಿನಿಂದ ನೋಡಿದವರಿಗೆ
ನಾನು ಆರಾಮಾಗಿ ನಿಂತ ಹಾಗೆ ಕಂಡಿರಬೇಕು.

ಇಳಿದವರನ್ನು ಎಣಿಸಿದೆ. ಕಟಿಂಗ್ ಪ್ಲೇಯರ್ ಎಣಿಸಿದೆ.
ಮತ್ತೊಮ್ಮೆ ಜನ ಎಣಿಸಿದೆ.
ಬೀಗ ತೆಗೆದು, ನಂಬರು ವಾಪಸು ಕೊಟ್ಟೆ.
ದೂರದ ಬೆಟ್ಟದ ಬುಡದಲ್ಲಿ ಊರು ಹತ್ತಿಕೊಂಡಿತು,
ಪಕ್ಕದ ತೋಟದ ಮನೆಯ ಜಗುಲಿಯೂ.

ಆ ಮನೆಯವರು ಟೀ ತಂದರು,
ನಾಲ್ಕು ಸ್ಟೀಲ್ ಲೋಟ, ಒಂದು ಪೇಪರ್ ಕಪ್ಪು.
ಕಪ್ಪು ಯಾರದೆಂದು ತಟ್ಟೆಗೂ ಗೊತ್ತಿತ್ತು.
"ಇನ್ನೊಂದು ಲೋಟ ತನ್ನಿ," ಅಂದೆ,
ಫೀಡರ್ ನಂಬರು ಕೇಳುವ ದನಿಯಲ್ಲೇ,
"ನಾವು ಐದು ಜನ."

ಎಲ್ಲರಿಗಿಂತ ಚಿಕ್ಕವನು ಬಾಬಾಜಾನ್
ಲೋಟ ಕೆಳಗಿಟ್ಟುಬಿಟ್ಟ.
ಗಂಗುಲಪ್ಪ ಇಡಲಿಲ್ಲ.
ಕುಡಿಯಲೂ ಇಲ್ಲ.
ಕಂಬದ ತುದಿ ನೋಡುತ್ತ ಹಾಗೇ ಹಿಡಿದು ನಿಂತ.

ಒಳಗೆ ಪಾತ್ರೆ ಸದ್ದಾಯಿತು, ತುಂಬ ಹೊತ್ತು.
ಲೋಟ ಬಂತು.
ಅಷ್ಟರಲ್ಲಿ ಟೀ ಆರಿತ್ತು,
ಎಲ್ಲರದೂ.