ದೀರ್ಘ

ಐ.ಜಿ. ರಸ್ತೆಯಲ್ಲಿ, ಮೆಟ್ಟಿಲ ಕೆಳಗೆ, ಮೂರಡಿ ಅಂಗಡಿ.
ಜೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್.
ಒಂದು ಕುರ್ಚಿ ನನಗೆ, ಒಂದು ಸ್ಟೂಲು ಬಂದವರಿಗೆ.
ಕಂಪ್ಯೂಟರಿನಲ್ಲಿ 'ಅರ್ಜಿ ಮಾದರಿ' ಅಂತೊಂದು ಕಡತ.
ಹೆಸರು, ತಾರೀಖು, ಹುದ್ದೆ ಬದಲಿಸಿದರೆ ಸಾಕು,
ಚಿಕ್ಕಮಗಳೂರಿನ ಯಾರು ಬೇಕಾದರೂ
ಪ್ರಾಮಾಣಿಕರು, ಶ್ರಮಜೀವಿಗಳು, ತಮ್ಮ ವಿಧೇಯರು.

ನರ್ಸಿಂಗ್ ಮುಗಿಸಿದ ಹುಡುಗಿಗೂ ಅದೇ,
ರೆಸಾರ್ಟಿನ ಗೇಟು ಕಾಯಲು ಹೊರಟ ಮಾಜಿ ಕಂಡಕ್ಟರಿಗೂ ಅದೇ,
ಸಹಕಾರಿ ಬ್ಯಾಂಕಿಗೆ ಹದಿನಾಲ್ಕು ಸಲ
ನಾನು ಹಾಕಿಕೊಂಡದ್ದೂ ಅದೇ.
ಒಂದಕ್ಕೂ ಉತ್ತರವಿಲ್ಲ.
ಅಂಚೆಯವರ ತಪ್ಪು ಅಂದುಕೊಂಡಿದ್ದೆ.

ಮಂಗಳವಾರ ಆಕೆ ಬಂದಳು.
ಕ್ಯೂರಿಂಗ್ ಗೋಡೌನಿನಲ್ಲಿ ಇಪ್ಪತ್ತೆರಡು ವರ್ಷ
ಕಾಲು ಮಡಚಿ ಕೂತು ಕಾಫಿಬೀಜ ಆರಿಸಿದವಳು.
ಯುಗಾದಿ ಕಳೆದ ಮೇಲೆ ಬಣ್ಣ ನೋಡಿ ಆರಿಸುವ ಯಂತ್ರ ಬಂತಂತೆ.
ಅರವತ್ತು ಹೆಂಗಸರಿಗೆ ಒಂದೊಂದು ಸ್ಟೀಲಿನ ಡಬ್ಬಿ ಕೊಟ್ಟು
ಹೋಗಿಬನ್ನಿ ಅಂದರಂತೆ.
ಈಗ ಕಾಫಿ ರುಚಿ ನೋಡುವ ಲ್ಯಾಬಿನಲ್ಲಿ
ಸ್ಯಾಂಪಲ್ ವಿಂಗಡಿಸಲು ಒಬ್ಬರು ಬೇಕಂತೆ.
"ಅರ್ಜಿ ಜೊತೆ ಇನ್ನೊಂದು ಕಾಗದ ಬೇಕಂತೆ,
ನಾನ್ಯಾಕೆ ಅಂತ."

ಮಾದರಿ ತೆಗೆದೆ, ಹೆಸರು ಹಾಕಿದೆ, ಓದಿ ಹೇಳಿದೆ.
ಕಣ್ಣು ಮುಚ್ಚಿ ಕೇಳಿದಳು.
"ಚೆನ್ನಾಗಿದೆ ಕಣಪ್ಪ. ಇದರಲ್ಲಿ ನಾನೆಲ್ಲಿದೀನಿ?"
ಕೆಳಗೆ ಹೆಸರಿದೆಯಲ್ಲ, ಅಂದೆ.
"ಹೆಸರು ಮೂಟೆ ಮೇಲೂ ಬರೆದಿರ್ತಾರೆ."

ಆಮೇಲೆ ಪರದೆ ಮೇಲೆ ಬೆರಳಿಟ್ಟಳು. ಇದೇನು?
ಪ್ರಾಮಾಣಿಕಳು.
"ಕಳ್ಳಿನೂ ಅದನ್ನೇ ಬರೆಸ್ತಾಳೆ. ತೆಗಿ."
ಇದು? ಬಡ ಕುಟುಂಬ.
"ಅದು ಅವರಿಗ್ಯಾಕೆ?"
ಇದು? ತಮ್ಮ ಪ್ರತಿಷ್ಠಿತ ಸಂಸ್ಥೆ.
"ಅವರಿಗೆ ಗೊತ್ತಿರುತ್ತೆ."
ತೆಗೆತೆಗೆದು ಉಳಿದದ್ದು
ಮಾನ್ಯರೇ, ಮತ್ತು ಒಂದು ಅಲ್ಪವಿರಾಮ.

ಏನು ಬರೆಯಲಿ ಹಾಗಾದರೆ?
ಪಕ್ಕದ ಜ್ಯೂಸ್ ಅಂಗಡಿಯ ಮಿಕ್ಸಿ ತಿರುಗಿ ನಿಲ್ಲುವವರೆಗೆ
ಸುಮ್ಮನಿದ್ದಳು. ಸೆರಗಿನ ಗಂಟು ಬಿಚ್ಚಿದಳು:
ಕಡೇ ದಿನ ಕೇಳಿ ತಂದ ಎರಡು ಹಿಡಿ ಬೀಜ.
ಒಂದನ್ನು ಎತ್ತಿ ಮೌಸಿನ ಪಕ್ಕ ಇಟ್ಟಳು.
"ಹೆಂಗಿದೆ?"
ಚೆನ್ನಾಗಿದೆಯಲ್ಲ.
"ಮೂಸು."
ಕಟ್ಟಿಕೊಂಡ ಚರಂಡಿ.
"ಇದೊಂದು ಸೇರಿದ್ರೆ ಇಡೀ ಮೂಟೆಗೆ ಕೆಟ್ಟ ಹೆಸರು.
ಯಂತ್ರಕ್ಕೆ ಬಣ್ಣ ಕಾಣುತ್ತೆ, ನಾತ ಕಾಣಲ್ಲ. ಬರ್ಕೊ."

        ಮಾನ್ಯರೇ,
        ಯಾವ ಬೀಜ ಲೋಟ ಕೆಡಿಸುತ್ತದೆಂದು
        ಹುರಿಯುವ ಮೊದಲೇ ಹೇಳಬಲ್ಲೆ.
        ಇಪ್ಪತ್ತೆರಡು ವರ್ಷದಲ್ಲಿ ನಾನು ಆರಿಸಿದ ಸರಕು
        ಬಂದರಿನಿಂದ ವಾಪಸು ಬಂದದ್ದು ಒಂದೇ ಸಲ,
        ಮಗುವಿಗೆ ಜ್ವರವಿದ್ದ ವಾರ.
        ಇದರ ಜೊತೆ ಒಂದು ಹಿಡಿ ಬೀಜ ಇಟ್ಟಿದ್ದೇನೆ.
        ಕೆಟ್ಟದ್ದು ಮೂರಿವೆ. ಹುಡುಕಿ.
        ಸಿಗದಿದ್ದರೆ ಕರೆಯಿರಿ, ಬಂದು ತೋರಿಸುತ್ತೇನೆ.

ಆ ಒಂದು ಸಲದ ಮಾತು ಬೇಡ, ತೆಗೆಯೋಣ, ಅಂದೆ.
"ಇರಲಿ ಬಿಡು.
ಒಂದೂ ಕಲೆ ಇಲ್ಲದ ರಾಶಿ ನೋಡಿದ್ರೆ ನಂಗೇ ಅನುಮಾನ."
ಪುಟಕ್ಕೆ ಮೂವತ್ತು ರೂಪಾಯಿ. "ಅರ್ಧ ಪುಟಾನೂ ಇಲ್ಲ"
ಅಂತ ಇಪ್ಪತ್ತು ಕೊಟ್ಟು ಹೋದಳು.

ಹೊಸ ಕಡತ ತೆರೆದೆ. ಬ್ಯಾಂಕಿಗೆ, ಹದಿನೈದನೆಯದು.
ಮಾನ್ಯರೇ, ಅಂತ ಹೊಡೆದೆ.
ನಾನ್ಯಾಕೆ?
ಕರ್ಸರು ಮಿಟುಕುತ್ತಾ ಕೂತಿತು,
ಎದುರಿಗೆ ಇನ್ನೊಬ್ಬ ಗಿರಾಕಿ ಕೂತ ಹಾಗೆ.

ಅಷ್ಟರಲ್ಲಿ ವಾಪಸು ಬಂದಿದ್ದಳು, ಏದುಸಿರು.
"ಓದಕ್ಕೆ ಬರಲ್ಲ, ನನ್ನ ಹೆಸರೊಂದು ಬರುತ್ತೆ.
ಹನುಮಂತಪ್ಪ ಸರ್ಕಲ್ ತನಕ ಹೋದೋಳು ನಿಂತು ನೋಡಿದೆ."
ಬೆರಳು ಹೆಸರಿನ ಕೆಳಗೆ: ದೇವಿರಮ್ಮ.
"ಬೆಟ್ಟದ ತಾಯಿ ಹೆಸರು ಕಣಪ್ಪ. ದೀರ್ಘ ನುಂಗಿದೀಯ."

ನುಂಗಿದ್ದೆ.
ದೇವೀರಮ್ಮ, ಅಂತ ತಿದ್ದಿ ಇನ್ನೊಂದು ಪ್ರಿಂಟು ಕೊಟ್ಟೆ, ದುಡ್ಡು ಕೇಳಲಿಲ್ಲ.
ಪರದೆ ನೋಡಿದಳು. "ಇದ್ಯಾರದ್ದು, ಖಾಲಿ?"
ನಂದೇ, ಅಂದೆ.
"ಹ್ಞೂಂ" ಅಂದಳು, ಅಷ್ಟೇ.

ಸಂಜೆ ಬಾಗಿಲು ಎಳೆಯುವಾಗ
ಕೀಬೋರ್ಡಿನ ಸಂದಿಯಲ್ಲಿ ಒಂದು ಬೀಜ ಸಿಕ್ಕಿತು.
ಬೆಳಕಿಗೆ ಹಿಡಿದೆ, ಮೂಸಿದೆ.
ಯಾವ ಜಾತಿಯದೋ, ತಿಳಿಯಲಿಲ್ಲ.